ಮ್ಯಾಜಿಸ್ಟ್ರೇಟರ ಕುರ್ಚಿ ಯಾರ ಮನೆಯದು?

ಕಳೆದ ವರ್ಷ ನಮ್ಮ ಊರಿನ ನೂಲಿನ ಗಿರಣಿಯೊಂದರ ಒಂಬತ್ತು ಮಂದಿ ಕಾರ್ಮಿಕರಿಗೂ, ಗಿರಣಿ ಗೇಟಿನ ಎದುರು ಚಹಾದಂಗಡಿ ಇಟ್ಟ ಒಬ್ಬ ಬಡ ವ್ಯಾಪಾರಿಗೂ ತಾಲ್ಲೂಕು ಕಚೇರಿಯಿಂದ ನೋಟೀಸು ಬಂತು. ಅವರು ಕದ್ದವರಲ್ಲ, ಹೊಡೆದವರಲ್ಲ, ಯಾರ ಮನೆಯ ಗಾಜನ್ನೂ ಒಡೆದವರಲ್ಲ. ಬಾಕಿ ಉಳಿದ ಬೋನಸ್ಸಿನ ಬಗ್ಗೆ ಗೇಟ್ ಸಭೆ ಮಾಡುತ್ತೇವೆಂದು ಹೇಳಿದ್ದರು, ಅಷ್ಟೆ. ಚಹಾದಂಗಡಿಯವನ ಅಪರಾಧ ಇನ್ನೂ ಘೋರವಾದದ್ದು: ಆ ಮಾತು ನಡೆದದ್ದು ಅವನ ಅಂಗಡಿಯ ಬೆಂಚಿನ ಮೇಲೆ! ನಿಮ್ಮಿಂದ ಸಾರ್ವಜನಿಕ ಶಾಂತಿಗೆ ಭಂಗ ಬರುವ ಸಂಭವವಿದೆ, ಒಂದು ವರ್ಷ ಶಾಂತಿಯಿಂದ ಇರುವುದಾಗಿ ಐವತ್ತು ಸಾವಿರ ರೂಪಾಯಿಗೆ ಮುಚ್ಚಳಿಕೆಯನ್ನೂ ಇಬ್ಬರು ಜಾಮೀನುದಾರರನ್ನೂ ಏಕೆ ಕೊಡಬಾರದು, ಬಂದು ಕಾರಣ ತೋರಿಸಿ ಎಂದು ನೋಟೀಸು ಕೇಳಿತ್ತು.

ಆರು ತಿಂಗಳಲ್ಲಿ ಏಳು ವಾಯಿದೆ. ಮೊದಲನೆಯ ವಾಯಿದೆಯ ದಿನ ಸಾಹೇಬರು ಬೆಳೆಹಾನಿ ನೋಡಲು ಹೋಗಿದ್ದರು. ಎರಡನೆಯದರ ದಿನ ಮಂತ್ರಿಗಳ ಪ್ರವಾಸ. ಮೂರನೆಯ ದಿನ ಸಂಜೆ ಐದರವರೆಗೆ ವರಾಂಡದಲ್ಲಿ ಕೂರಿಸಿ ಮುಂದಿನ ತಾರೀಖು ಬರೆದುಕೊಟ್ಟರು. ಪ್ರತಿ ವಾಯಿದೆಗೂ ಒಂಬತ್ತು ಆಳಿನ ಒಂದು ದಿನದ ಕೂಲಿ ಹೋಯಿತು. ಚಹಾದಂಗಡಿಯ ಒಲೆ ಆರಿತು. ಜಾಮೀನುದಾರ ಎಂದರೆ ಪಹಣಿ ಇರುವವನೇ ಆಗಬೇಕಂತೆ. ಬಾಡಿಗೆ ಕೋಣೆಯಲ್ಲಿ ಬಾಳುವ ಗಿರಣಿ ಆಳಿಗೆ ಪಹಣಿ ಇರುವ ನೆಂಟರು ಎಲ್ಲಿಂದ ಬರಬೇಕು? ಕೊನೆಗೆ ಆರು ತಿಂಗಳು ತುಂಬಿತು, ವಿಚಾರಣೆ ಮುಗಿಯಲಿಲ್ಲ, ಕಾಯಿದೆಯ ಪ್ರಕಾರ ಪ್ರಕರಣ ತಾನಾಗಿಯೇ ಬಿದ್ದುಹೋಯಿತು. ಆದರೆ ಅಷ್ಟು ಹೊತ್ತಿಗೆ ಅದರ ಕೆಲಸ ಮುಗಿದಿತ್ತು. ಗೇಟ್ ಸಭೆ ನಡೆಯಲಿಲ್ಲ. ಬೋನಸ್ಸು ಬರಲಿಲ್ಲ. ಒಂಬತ್ತು ಮಂದಿಯಲ್ಲಿ ಇಬ್ಬರು ಊರನ್ನೇ ಬಿಟ್ಟರು.

ಮೂರನೆಯ ವಾಯಿದೆಯ ದಿನ ಆ ಚಹಾದಂಗಡಿಯವನು ನಮ್ಮನ್ನು ಒಂದು ಪ್ರಶ್ನೆ ಕೇಳಿದ. “ಮೇಷ್ಟ್ರೇ, ಮ್ಯಾಜಿಸ್ಟ್ರೇಟ್ ಅಂದ್ರೆ ಜಡ್ಜು ಅಂದ್ಕೊಂಡಿದ್ದೆ. ಇಲ್ಲಿ ನೋಡಿದ್ರೆ ನನ್ನ ಮಗಳ ಜಾತಿ ಸರ್ಟಿಫಿಕೇಟಿಗೆ ಸಹಿ ಹಾಕಿದ ಸಾಹೇಬ್ರೇ ಕೂತಿದಾರಲ್ಲ, ಇವ್ರು ನನ್ನನ್ನ ಜೈಲಿಗೆ ಕಳಿಸಬಹುದಾ?”

ಕಳಿಸಬಹುದು ಎಂದೆವು. ಅವನು ನಂಬಲಿಲ್ಲ. ನಮ್ಮ ವಾಚಕರಲ್ಲಿಯೂ ಬಹುಮಂದಿ ನಂಬಲಾರರು. ಆದುದರಿಂದ ಈ ವಾರ ಇದನ್ನೇ ಎತ್ತಿಕೊಂಡಿದ್ದೇವೆ. ಕಾನೂನನ್ನು ಓದದವರು, ನ್ಯಾಯಾಂಗಕ್ಕೆ ಸೇರದವರು ಮ್ಯಾಜಿಸ್ಟ್ರೇಟರ ಕುರ್ಚಿಯಲ್ಲಿ ಕೂತು ಬಡವನ ಸ್ವಾತಂತ್ರ್ಯವನ್ನು ತೂಗುವ ಈ ಪದ್ಧತಿ ಎಲ್ಲಿಂದ ಬಂತು? ಅದರಿಂದ ಯಾರಿಗೆ ಲಾಭವಾಯಿತು? ಈಗ ಅದು ಯಾರ ಕೈಗೆ ಹೋಗುತ್ತಿದೆ?

ಇಂಗ್ಲೆಂಡಿನ ಬೀಜ

ಈ ಗಿಡದ ಬೀಜ ಇಂಗ್ಲೆಂಡಿನದು. 1361ರ ಕಾಯಿದೆಯಿಂದ ಅಲ್ಲಿ ಪ್ರತಿ ಪ್ರಾಂತಕ್ಕೂ ‘ಶಾಂತಿಪಾಲಕ’ ನ್ಯಾಯಾಧಿಪತಿಗಳು ಬಂದರು. ವಕೀಲರಲ್ಲ, ಸಂಬಳದವರೂ ಅಲ್ಲ; ಊರಿನ ‘ಗೌರವಸ್ಥರು.’ ಕೇಳಲು ಚೆನ್ನಾಗಿದೆ. ಆದರೆ ಗೌರವಸ್ಥ ಎಂದರೆ ಯಾರು? ಜಮೀನಿದ್ದವನು. ಈ ಹುದ್ದೆಗೆ ಆಸ್ತಿ ಇರಬೇಕೆಂಬ ಕಟ್ಟಳೆ ಹೋದದ್ದು 1906ರಲ್ಲಿ. ಹೆಂಗಸರಿಗೆ ಬಾಗಿಲು ತೆರೆದದ್ದು 1919ರ ಕಾಯಿದೆಯಿಂದ. ಐನೂರು ವರ್ಷಗಳಿಗೂ ಮಿಕ್ಕಿ ಕಟಕಟೆಯಲ್ಲಿ ನಿಂತವನು ಬಡವ, ಮೇಲೆ ಕೂತವನು ಒಡೆಯ.

ಸಂಬಳವಿಲ್ಲದ ಹುದ್ದೆ ಎಂದರೆ ತ್ಯಾಗದ ಹುದ್ದೆ ಎಂದು ಉಪದೇಶ ಮಾಡುವವರಿದ್ದಾರೆ. ದಿನಗೂಲಿಯವನಿಗೆ ಕೇಳಿ ನೋಡಿ. ಸಂಬಳವಿಲ್ಲದ ಕುರ್ಚಿಯಲ್ಲಿ ಕೂರಬಲ್ಲವನು ಕೂತು ಉಣ್ಣಬಲ್ಲವನೇ. ‘ಗೌರವ’ ಎಂಬ ಆ ಒಂದು ಮಾತೇ ಬಡವನನ್ನು ಬಾಗಿಲ ಹೊರಗೆ ನಿಲ್ಲಿಸುವ ಅಗುಳಿ.

ಗಿರಣಿಗಳು ಬಂದ ಮೇಲೆ ಏನಾಯಿತು ಎಂಬುದನ್ನು ನಮ್ಮ ಗಿರಣಿ ಬಂಧುಗಳು ವಿಶೇಷವಾಗಿ ತಿಳಿಯಬೇಕು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ನೇಕಾರರೂ ಗಿರಣಿ ಕಾರ್ಮಿಕರೂ ಹೆಂಡಿರು ಮಕ್ಕಳೊಂದಿಗೆ ಸುಮಾರು ಅರವತ್ತು ಸಾವಿರ ಮಂದಿ ಮತದಾನದ ಹಕ್ಕನ್ನು ಕೇಳಲು ಸೇರಿದ್ದರು. ಮೈದಾನದ ಅಂಚಿನ ಮನೆಯೊಂದರ ಕಿಟಕಿಯಿಂದ ಮ್ಯಾಜಿಸ್ಟ್ರೇಟರು ನೋಡುತ್ತಿದ್ದರು. ಅವರ ಅಧ್ಯಕ್ಷ ವಿಲಿಯಂ ಹಲ್ಟನ್, ಜಮೀನೂ ಕಲ್ಲಿದ್ದಲ ಗಣಿಯೂ ಉಳ್ಳವನು. ಭಾಷಣಕಾರ ಹೆನ್ರಿ ಹಂಟ್‌ನನ್ನು ಹಿಡಿಯಿರಿ ಎಂದು ಆ ಕಿಟಕಿಯಿಂದ ಅಪ್ಪಣೆಯಾಯಿತು. ಕುದುರೆಸವಾರರು ಕತ್ತಿ ಹಿರಿದು ಜನರೊಳಗೆ ನುಗ್ಗಿದರು. ಕಡಿಮೆಯೆಂದರೂ ಹದಿನೈದು ಮಂದಿ ಸತ್ತರು, ನೂರಾರು ಮಂದಿ ಗಾಯಗೊಂಡರು. ಸರ್ಕಾರ ಏನು ಮಾಡಿತು? ಮ್ಯಾಜಿಸ್ಟ್ರೇಟರಿಗೆ ಧನ್ಯವಾದ ಹೇಳಿತು!

ಇನ್ನೊಂದು ಪ್ರಸಂಗ. ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾನೆ. ಕಾರ್ಖಾನೆ ಕಾಯಿದೆಯ ಮೊಕದ್ದಮೆಗಳಲ್ಲಿ ಹತ್ತಿ ಗಿರಣಿಯ ಮಾಲೀಕನಾಗಲಿ, ಅವನ ತಂದೆ, ಮಗ, ಅಣ್ಣತಮ್ಮಂದಿರಾಗಲಿ ಮ್ಯಾಜಿಸ್ಟ್ರೇಟರಾಗಿ ಕೂರಕೂಡದೆಂದು ಇಂಗ್ಲೆಂಡಿನ ಶಾಸನವೇ ಹೇಳಿತ್ತು. 1847ರಲ್ಲಿ ಹತ್ತು ಗಂಟೆಯ ಕೆಲಸದ ಕಾಯಿದೆ ಬಂತು. ಅದನ್ನು ತಪ್ಪಿಸಿಕೊಳ್ಳಲು ಸ್ಟಾಕ್‌ಪೋರ್ಟಿನ ಗಿರಣಿ ಮಾಲೀಕ ಎಸ್ಕ್ರಿಗ್ ಎಂಬವನು ಆಳುಗಳನ್ನು ಸರದಿಯ ಮೇಲೆ ದುಡಿಸುವ ಒಂದು ಉಪಾಯ ಹೂಡಿದ. ಇನ್ಸ್‌ಪೆಕ್ಟರು ಒಪ್ಪಲಿಲ್ಲ. ಕೆಲವು ತಿಂಗಳಲ್ಲಿ ಅವನ ಸಂಬಂಧಿಯಾದ ರಾಬಿನ್ಸನ್ ಎಂಬ ಇನ್ನೊಬ್ಬ ಮಾಲೀಕ ಅದೇ ಉಪಾಯ ಮಾಡಿ ಕಟಕಟೆಗೆ ಬಂದ. ಪೀಠದಲ್ಲಿ ನಾಲ್ವರು ಮ್ಯಾಜಿಸ್ಟ್ರೇಟರು. ಅವರಲ್ಲಿ ಮೂವರು ಹತ್ತಿ ಗಿರಣಿ ಮಾಲೀಕರು, ಮೂವರಿಗೂ ಮುಂದಾಳು ಅದೇ ಎಸ್ಕ್ರಿಗ್! ರಾಬಿನ್ಸನ್ ನಿರ್ದೋಷಿಯೆಂದು ಬಿಡುಗಡೆಯಾಯಿತು. ತಾನೇ ಕೊಟ್ಟ ತೀರ್ಪನ್ನು ತೋರಿಸಿ ಎಸ್ಕ್ರಿಗ್ ತನ್ನ ಗಿರಣಿಯಲ್ಲೂ ಆ ಪದ್ಧತಿಯನ್ನು ತಂದ. ಕುರಿಯ ವ್ಯಾಜ್ಯಕ್ಕೆ ತೋಳನೇ ಪಂಚ.

ಅದೇ ಕಾಲದಲ್ಲಿ ಆಳು ಕರಾರು ಮುರಿದು ಕೆಲಸ ಬಿಟ್ಟರೆ 1823ರ ಯಜಮಾನ-ಸೇವಕ ಕಾಯಿದೆಯ ಪ್ರಕಾರ ಈ ಮ್ಯಾಜಿಸ್ಟ್ರೇಟರು ಅವನನ್ನು ಮೂರು ತಿಂಗಳು ಜೈಲಿಗೆ ಹಾಕಬಹುದಿತ್ತು. ಯಜಮಾನ ಕರಾರು ಮುರಿದರೆ? ಅವನ ಮೇಲೆ ಬರೀ ಹಣದ ದಾವೆ. ಇಂಗ್ಲೆಂಡಿನ ಕಾರ್ಮಿಕರು ಸಂಘ ಕಟ್ಟಿ ಹೋರಾಡಿ 1875ರಲ್ಲಿ ಈ ಅನ್ಯಾಯವನ್ನು ಕಿತ್ತುಹಾಕಿಸಿದರು. ನ್ಯಾಯದ ಕುರ್ಚಿಯನ್ನು ಸರಿಪಡಿಸಿದ್ದು ಸಂಘಶಕ್ತಿಯೇ ಹೊರತು ಯಾವ ದೊರೆಯ ಕೃಪೆಯೂ ಅಲ್ಲ.

ನಮ್ಮ ನೆಲದ ಬೆಳೆ

ಬ್ರಿಟಿಷರು ಈ ಬೀಜವನ್ನು ಇಲ್ಲಿಗೂ ತಂದರು. ತರುವಾಗ ಇದ್ದ ಒಳ್ಳೆಯದನ್ನು ಹಡಗಿನಲ್ಲೇ ಬಿಟ್ಟು ಬಂದರು. ಜಮೀನ್ದಾರ, ಸಾಹುಕಾರ, ರಾವ್ ಸಾಹೇಬ, ಖಾನ್ ಬಹಾದ್ದೂರರನ್ನು ಸರ್ಕಾರ ‘ಆನರರಿ ಮ್ಯಾಜಿಸ್ಟ್ರೇಟ’ರನ್ನಾಗಿ ನೇಮಿಸಿತು. ಜನ ಆರಿಸಿದವರಲ್ಲ, ಜನಕ್ಕೆ ಉತ್ತರ ಹೇಳಬೇಕಾದವರೂ ಅಲ್ಲ. ಕಲೆಕ್ಟರ ಕಚೇರಿಯ ಕೃಪೆಯಿಂದ ಕುರ್ಚಿ ಏರಿದವರು. ಬೆಂಚ್ ಕೋರ್ಟು ಎಂಬ ಹೆಸರಿನಲ್ಲಿ ಕೂತು ಅವರು ಸಣ್ಣ ಮೊಕದ್ದಮೆಗಳನ್ನು ಚುಟುಕಾಗಿ ತೀರಿಸುತ್ತಿದ್ದರು. ದೀಪವಿಲ್ಲದ ಗಾಡಿಯವನು, ರಸ್ತೆಯಲ್ಲಿ ಬುಟ್ಟಿ ಇಟ್ಟವಳು, ಬೀದಿಯಲ್ಲಿ ಕೂಗಾಡಿದ ಕೂಲಿ: ಇಂಥವರೇ ಅಲ್ಲಿನ ಗಿರಾಕಿಗಳು. ಊರಿಗೆ ಸಾಲ ಕೊಡುವವನೇ ಊರಿಗೆ ದಂಡ ಹಾಕುವವನೂ ಆದರೆ ಬಾಯಿ ಬಿಡುವವರಾರು?

ಯಜಮಾನ-ಸೇವಕ ಕಾಯಿದೆಯ ತಮ್ಮನೂ ಇಲ್ಲಿ ಹುಟ್ಟಿದ. 1859ರ 13ನೆಯ ಕಾಯಿದೆಯ ಪ್ರಕಾರ ಮುಂಗಡ ಪಡೆದ ಆಳು ಕೆಲಸ ಬಿಟ್ಟುಹೋದರೆ ಮ್ಯಾಜಿಸ್ಟ್ರೇಟರು ಅವನನ್ನು ಮೂರು ತಿಂಗಳವರೆಗೆ ಸೆರೆಗೆ ಕಳಿಸಬಹುದಿತ್ತು. ನಮ್ಮ ಕೊಡಗಿನ ಕಾಫಿ ತೋಟದ ದೊರೆಗಳಿಗೆ ಇದು ಬಹಳ ಇಷ್ಟದ ಕಾಯಿದೆ. ಅದನ್ನು ರದ್ದುಗೊಳಿಸುವ ಶಾಸನ ಬಂದದ್ದು 1925ರಲ್ಲಿ.

ಇದೆಲ್ಲಕ್ಕೂ ಬೇರು ಒಂದೇ: ಆಳುವ ಕೈಯೂ ತೀರ್ಪು ಕೊಡುವ ಕೈಯೂ ಒಂದೇ ಆಗಿದ್ದದ್ದು. ಇದನ್ನು ಬೇರೆ ಮಾಡಿ ಎಂದು ಕಾಂಗ್ರೆಸ್ಸು ತನ್ನ ಎರಡನೆಯ ಅಧಿವೇಶನದಲ್ಲೇ, 1886ರಲ್ಲಿ, ಠರಾವು ಮಾಡಿತು. ಬ್ರಿಟಿಷರು ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವತಂತ್ರ ಭಾರತದ ಸಂವಿಧಾನ ತನ್ನ 50ನೆಯ ಅನುಚ್ಛೇದದಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಬರೆಯಿತು. 1974ರ ಏಪ್ರಿಲ್ 1ರಂದು ಹೊಸ ಕ್ರಿಮಿನಲ್ ಪ್ರೊಸೀಜರ್ ಕೋಡ್ ಜಾರಿಗೆ ಬಂದಾಗ ಹಳೆಯ ಆನರರಿ ಮ್ಯಾಜಿಸ್ಟ್ರೇಟನಿಗೆ ಜಾಗವಿಲ್ಲವಾಯಿತು. ಕಳ್ಳತನ, ಹೊಡೆದಾಟ ಮೊದಲಾದ ಅಪರಾಧಗಳ ವಿಚಾರಣೆ ಹೈಕೋರ್ಟಿನ ಅಧೀನದಲ್ಲಿರುವ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಸೇರಿತು. ಇದು ಒಳ್ಳೆಯ ಕೆಲಸವೇ, ನಾವು ಅಲ್ಲಗಳೆಯುವುದಿಲ್ಲ.

ಹೋದದ್ದು ಹೆಸರು, ಉಳಿದದ್ದು ಕುರ್ಚಿ

ಆದರೆ ಒಂದು ಕೋಣೆಯ ಬೀಗದ ಕೈಯನ್ನು ಸರ್ಕಾರ ತನ್ನ ಸೊಂಟದಲ್ಲೇ ಇಟ್ಟುಕೊಂಡಿತು. ಆ ಕೋಣೆಗೆ ‘ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್’ ಎಂದು ಹೆಸರು. ಜಿಲ್ಲಾಧಿಕಾರಿ, ಅಸಿಸ್ಟೆಂಟ್ ಕಮಿಷನರು, ತಹಶೀಲ್ದಾರರು: ಇವರೇ ಆ ಕೋಣೆಯವರು. ಎಷ್ಟು ಮಂದಿ ಬೇಕೋ ಅಷ್ಟು ಮಂದಿಯನ್ನು ಸರ್ಕಾರ ನೇಮಿಸಬಹುದು; ಕಾನೂನಿನ ಪದವಿ ಬೇಕೆಂದು ಸಂಹಿತೆ ಎಲ್ಲಿಯೂ ಹೇಳುವುದಿಲ್ಲ. ಇವರ ವರ್ಗ, ಬಡ್ತಿ ಎಲ್ಲವೂ ಸರ್ಕಾರದ ಕೈಯಲ್ಲಿ. ತಹಶೀಲ್ದಾರರಲ್ಲಿ ಎಷ್ಟೋ ಮಂದಿ ಸಜ್ಜನರಿದ್ದಾರೆ. ಆದರೆ ಮೇಲಿನಿಂದ ಟೆಲಿಫೋನು ಬಂದಾಗ ಸಜ್ಜನಿಕೆ ಎಷ್ಟು ಹೊತ್ತು ನಿಂತೀತು? ನಮ್ಮ ಜಗಳ ಮನುಷ್ಯನ ಮೇಲಲ್ಲ, ಕುರ್ಚಿಯ ಮೇಲೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಅಧಿಕಾರಗಳ ಕಲಮುಗಳಿಗೆ ಹೊಸ ನಂಬರು ಬಂದಿದೆ. ವಾಚಕರು ಇವನ್ನು ಗುರುತು ಹಾಕಿಕೊಳ್ಳಲಿ. ಹಳೆಯ 107 ಈಗ 126: ಶಾಂತಿಭಂಗದ ‘ಸಂಭವ’ಕ್ಕಾಗಿ ಒಂದು ವರ್ಷದವರೆಗಿನ ಮುಚ್ಚಳಿಕೆ. ಹಳೆಯ 110 ಈಗ 129: ರೂಢಿಗತ ಅಪರಾಧಿ ಎಂಬ ಹಣೆಪಟ್ಟಿ ಕಟ್ಟಿ ಮೂರು ವರ್ಷದವರೆಗಿನ ಮುಚ್ಚಳಿಕೆ. ಹಳೆಯ 133 ಈಗ 152: ಸಾರ್ವಜನಿಕ ಸ್ಥಳದ ಅಡಚಣೆ ತೆಗೆಸುವ ಆಜ್ಞೆ. ತಳ್ಳುಗಾಡಿಯವರು, ಫುಟ್‌ಪಾತಿನ ವ್ಯಾಪಾರಿಗಳು ಈ ನಂಬರನ್ನು ಮರೆಯಬಾರದು. ಹಳೆಯ 144 ಈಗ 163: ಸಭೆ, ಮೆರವಣಿಗೆಗಳ ನಿಷೇಧ. ಮುಚ್ಚಳಿಕೆ ಕೊಡಲಾಗದಿದ್ದರೆ ಹಳೆಯ 122, ಈಗಿನ 141. ಅಂದರೆ ಸೀದಾ ಜೈಲು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಕಾನೂನು ಓದಿ, ಹೈಕೋರ್ಟಿನ ಕೆಳಗೆ ಕೆಲಸ ಮಾಡುವ ಎರಡನೆಯ ದರ್ಜೆಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಪೂರ್ತಿ ವಿಚಾರಣೆ ನಡೆಸಿ, ಅಪರಾಧ ಸಿದ್ಧವಾದ ಮೇಲೆ ಕೊಡಬಹುದಾದ ಗರಿಷ್ಠ ಸಜೆ ಒಂದು ವರ್ಷ. ಕಾನೂನು ಓದಿರಲೇಬೇಕೆಂದಿಲ್ಲದ, ಸರ್ಕಾರದ ಕೆಳಗೆ ಕೆಲಸ ಮಾಡುವ ತಹಶೀಲ್ದಾರರು, ಯಾವ ಅಪರಾಧವನ್ನೂ ಮಾಡದ ಮನುಷ್ಯನನ್ನು, ಜಾಮೀನುದಾರರು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅಷ್ಟೇ ಒಂದು ವರ್ಷ ಒಳಗಿಡಬಹುದು! ಸಾಹುಕಾರನಿಗೆ ಮುಚ್ಚಳಿಕೆ ಎಂದರೆ ಒಂದು ಸಹಿ. ಬಡವನಿಗೆ ಅದೇ ಜೈಲಿನ ಬಾಗಿಲು. ಇದು ಶಾಂತಿಪಾಲನೆಯೋ, ಬಡತನಕ್ಕೆ ಶಿಕ್ಷೆಯೋ?

ಈ ಕುರ್ಚಿ ದುಡಿಯುವವರ ವಿರುದ್ಧ ಹೇಗೆ ತಿರುಗುತ್ತದೆಂಬುದಕ್ಕೆ ದಾಖಲೆಗಳಿವೆ. 1956ರಲ್ಲಿ ನಾಗಪುರದ ಜವಳಿ ಕಾರ್ಮಿಕರ ಎರಡು ಸಂಘಗಳ ನಡುವೆ ತಿಕ್ಕಾಟ ಬಂದಾಗ ಜಿಲ್ಲಾ ಮ್ಯಾಜಿಸ್ಟ್ರೇಟರು 144ರ ಆಜ್ಞೆ ಹೊರಡಿಸಿದರು. ಬಾಬುಲಾಲ್ ಪರಾಟೆ ಸುಪ್ರೀಂ ಕೋರ್ಟಿಗೆ ಹೋದರು. 1961ರಲ್ಲಿ ಕೋರ್ಟು ಆ ಕಲಮನ್ನು ಎತ್ತಿಹಿಡಿಯಿತು. 1965ರ ಆಗಸ್ಟಿನಲ್ಲಿ ಪಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟರು ಲೋಕಸಭಾ ಸದಸ್ಯರಾಗಿದ್ದ ಡಾ. ರಾಮಮನೋಹರ ಲೋಹಿಯಾರನ್ನೇ ಭಾರತ ರಕ್ಷಣಾ ನಿಯಮದ ಕೆಳಗೆ ಸೆರೆಯಲ್ಲಿಟ್ಟರು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆ ನಿಲ್ಲದೆಂದು ಅವರನ್ನು ಬಿಡಿಸಿತು. 1968ರ ನವೆಂಬರಿನಲ್ಲಿ ನಮ್ಮ ಚಳವಳಿಯ ಮಧು ಲಿಮಯೆ ಬಿಹಾರದ ಲಖೀಸರಾಯ್‌ನಲ್ಲಿ ಬಂಧನಕ್ಕೊಳಗಾದರು. ಅವರ ಮೇಲೂ 107ರ ನಡವಳಿ. ಅವರು ಆ ಕಲಮುಗಳನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಕಲಮುಗಳನ್ನು ಉಳಿಸಿತು. ಆದರೆ ದೂರಿನ ಸತ್ಯಾಸತ್ಯದ ವಿಚಾರಣೆಯನ್ನೇ ಆರಂಭಿಸದೆ ಮಧ್ಯಂತರ ಮುಚ್ಚಳಿಕೆ ಕೇಳುವಂತಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಐವತ್ತು ವರ್ಷಗಳ ಮೇಲಾಯಿತು. ನಮ್ಮ ತಾಲ್ಲೂಕು ಕಚೇರಿಗೆ ಆ ತೀರ್ಪು ಇನ್ನೂ ತಲುಪಿದಂತಿಲ್ಲ.

ದೂರದ ಮಾತೇಕೆ? 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ ಬೆಂಗಳೂರಿನಲ್ಲಿ ಜನ ಸೇರುವರೆಂದು ಗೊತ್ತಾದ ಕೂಡಲೇ ಪೊಲೀಸ್ ಕಮಿಷನರು ಮ್ಯಾಜಿಸ್ಟ್ರೇಟರ ಅಧಿಕಾರ ಬಳಸಿ ನಗರಕ್ಕೆಲ್ಲ 144 ಹಾಕಿದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಬೀದಿಯಿಂದಲೇ ಎಳೆದೊಯ್ದರು. 2020ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟು ಆ ಆಜ್ಞೆ ಕಾನೂನಿಗೆ ವಿರುದ್ಧವಾದದ್ದೆಂದು ತೀರ್ಪು ಕೊಟ್ಟಿತು. ಸಂತೋಷ. ಆದರೆ ಸಭೆ ನಡೆಯಬೇಕಾದ ದಿನ ಡಿಸೆಂಬರಿನಲ್ಲಿತ್ತು, ನ್ಯಾಯ ಬಂದದ್ದು ಫೆಬ್ರವರಿಯಲ್ಲಿ. ಮದುವೆ ಮುಗಿದ ಮೇಲೆ ಓಲಗ.

ಇಲ್ಲಿಗೆ ನಿಂತಿದ್ದರೆ ಒಂದು ಮಾತು. ಹೊಸ ಸಂಹಿತೆಯ 15ನೆಯ ಕಲಂ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಲ್ಲದ ಯಾವ ಪೊಲೀಸ್ ಅಧಿಕಾರಿಯನ್ನಾದರೂ ‘ವಿಶೇಷ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್’ ಎಂದು ಸರ್ಕಾರ ನೇಮಿಸಬಹುದೆಂದು ಅದು ಬಿಚ್ಚುಮಾತಿನಲ್ಲಿ ಬರೆದಿದೆ. ಪೊಲೀಸರಿಗೆ ಈ ಅಧಿಕಾರ ಕೊಟ್ಟದ್ದು ಅಧಿಕಾರ ವಿಭಜನೆಗೆ ವಿರುದ್ಧವೆಂದು ಮದ್ರಾಸ್ ಹೈಕೋರ್ಟು 2023ರ ಮಾರ್ಚಿನಲ್ಲಿ ಹೇಳಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಈ ಸಂಹಿತೆಯನ್ನು ಪಾಸು ಮಾಡಿತು. ವರದಿ ಬರೆಯುವವನು ಪೊಲೀಸ್, ಹಿಡಿದು ತರುವವನು ಪೊಲೀಸ್, ಕುರ್ಚಿಯಲ್ಲಿ ಕೂತು ಕೇಳುವವನೂ ಪೊಲೀಸ್. ಬೇಲಿಯೇ ಎದ್ದು ಹೊಲ ಮೇಯ್ದಾಗ ರೈತ ದೂರು ಹೇಳುವುದು ಯಾರಿಗೆ?

ಅವರು ಹೇಳುವ ಮಾತು

ಗಲಭೆ ತಡೆಯಬೇಡವೇ ಎಂದು ಅವರು ಕೇಳುತ್ತಾರೆ. ತಡೆಯಬೇಕು. ಕೋಮುಗಲಭೆಯಲ್ಲಿ ಮೊದಲು ಸುಡುವುದು ಬಡವನ ಗುಡಿಸಲು, ಸಣ್ಣ ವ್ಯಾಪಾರಿಯ ಗೂಡಂಗಡಿ. ಬೆಂಕಿ ಬಿದ್ದ ಕ್ಷಣ ಜಿಲ್ಲಾಧಿಕಾರಿ ಒಂದೆರಡು ದಿನಕ್ಕೆ ಆಜ್ಞೆ ಹೊರಡಿಸಲಿ, ಬೇಡವೆನ್ನುವುದಿಲ್ಲ. ಆದರೆ ಬೆಂಕಿ ಆರಿಸಲು ಕೊಟ್ಟ ನೀರಿನ ಕೊಳವೆಯನ್ನು ಸಂಘದ ಸಭೆಯ ಮೇಲೆ ತಿರುಗಿಸುವುದು ಯಾವ ನ್ಯಾಯ? ಬೋನಸ್ಸಿನ ಮಾತು ಗಲಭೆಯಲ್ಲ. ಜೈಲಿಗೆ ಕಳಿಸುವ ಮಾತು ಬಂದಲ್ಲಿ ನ್ಯಾಯಾಧೀಶರೇ ಕೇಳಬೇಕು.

ಕೋರ್ಟುಗಳಲ್ಲಿ ಮೊಕದ್ದಮೆಗಳು ಬೆಟ್ಟದಂತೆ ಬಿದ್ದಿವೆ, ಇದನ್ನೂ ಅಲ್ಲಿಗೆ ಹೊತ್ತುಹಾಕುವುದೇ ಎಂದೂ ಕೇಳುತ್ತಾರೆ. ಏಳು ವಾಯಿದೆಯಲ್ಲಿ ಒಬ್ಬ ಸಾಕ್ಷಿಯನ್ನೂ ಕೇಳದ ತಾಲ್ಲೂಕು ಕಚೇರಿಯ ವೇಗವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಂದಾಯ, ಬರ, ನೆರೆ, ಚುನಾವಣೆ ಎಲ್ಲವನ್ನೂ ಹೊತ್ತ ಅಧಿಕಾರಿಯ ತಲೆಯ ಮೇಲೆ ನ್ಯಾಯದ ಮೂಟೆಯನ್ನೂ ಹೇರಿ ವೇಗದ ಮಾತಾಡುವುದು ನಗೆಪಾಟಲು. ನ್ಯಾಯಾಧೀಶರು ಸಾಲದಿದ್ದರೆ ನೇಮಿಸಲಿ. ಅದಕ್ಕೆ ಹಣವಿಲ್ಲ ಎನ್ನುವ ಸರ್ಕಾರಕ್ಕೆ ಜಾಹೀರಾತಿಗೆ ಹಣವಿದೆ.

ಮೂರನೆಯ ಮಾತನ್ನು ನಮ್ಮ ಕೆಲವು ವಕೀಲ ಮಿತ್ರರೇ ಹೇಳುತ್ತಾರೆ: ನ್ಯಾಯದ ಪೀಠ ಕಾನೂನು ಓದಿದವರಿಗೆ ಮಾತ್ರ ಇರಲಿ, ಸಾಮಾನ್ಯನಿಗೆ ಅಲ್ಲೇನು ಕೆಲಸ? ಇದನ್ನು ನಾವು ಒಪ್ಪುವುದಿಲ್ಲ. ಆನರರಿ ಮ್ಯಾಜಿಸ್ಟ್ರೇಟನ ದೋಷ ಅವನು ಸಾಮಾನ್ಯನಾಗಿದ್ದ ಎಂಬುದಲ್ಲ. ಅವನು ಸಾಮಾನ್ಯನೇ ಆಗಿರಲಿಲ್ಲ ಎಂಬುದು. ಒಂದು ದಿನದ ಕೂಲಿ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆಂದು ಬಲ್ಲವನೊಬ್ಬ ಆ ಪೀಠದಲ್ಲಿದ್ದಿದ್ದರೆ ಏಳು ವಾಯಿದೆ ಬೀಳುತ್ತಿತ್ತೇ?

ಇಂಗ್ಲೆಂಡಿನಲ್ಲಿ ಇಂದಿಗೂ ಬಹುಪಾಲು ಕ್ರಿಮಿನಲ್ ಮೊಕದ್ದಮೆಗಳು ಸಾಮಾನ್ಯ ಮ್ಯಾಜಿಸ್ಟ್ರೇಟರ ಮುಂದೆಯೇ ತೀರುತ್ತವೆ. ಕಾರ್ಮಿಕರೂ ಹೆಂಗಸರೂ ಈಗ ಆ ಪೀಠಕ್ಕೆ ಬರಬಲ್ಲರು. ವಾಡಿಕೆಯಾಗಿ ಮೂವರು ಕೂರುತ್ತಾರೆ, ತರಬೇತಿ ಇದೆ, ಕಾನೂನು ಹೇಳಿಕೊಡಲು ಪಕ್ಕದಲ್ಲಿ ಸಲಹೆಗಾರನಿದ್ದಾನೆ. ಹೋದ ಗಳಿಕೆಗೆ ಭತ್ಯೆ ಸಿಗುತ್ತದೆ, ಮಾಲೀಕ ರಜೆ ಕೊಡಲೇಬೇಕೆಂಬ ಕಾನೂನಿದೆ. ಅಲ್ಲಿಯೂ ಎಲ್ಲ ಸರಿಯಿಲ್ಲ. 2024ರ ನವೆಂಬರಿನಲ್ಲಿ ಅವರ ಸಜೆ ಕೊಡುವ ಅಧಿಕಾರವನ್ನು ಆರು ತಿಂಗಳಿಂದ ಹನ್ನೆರಡಕ್ಕೆ ಮತ್ತೆ ಏರಿಸಿದ್ದಾರೆ. ಆದರೂ ಆ ಪೀಠ ಆಳುವವನ ಕಚೇರಿಯಲ್ಲ.

ನಮ್ಮಲ್ಲೇ ಒಂದು ಮಾದರಿಯಿದೆ, ಅದನ್ನು ಯಾರೂ ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ನ್ಯಾಯಿಕ ಮ್ಯಾಜಿಸ್ಟ್ರೇಟರೊಂದಿಗೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಹೆಂಗಸು. ಮೂವರೂ ಸೇರಿ ಒಂದು ಪೀಠ. ಬಹುಮತದ ಅಭಿಪ್ರಾಯ ನಡೆಯುತ್ತದೆ. ಬೀದಿ ವ್ಯಾಪಾರಿಗಳ 2014ರ ಕಾಯಿದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದೆ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು ಎನ್ನುತ್ತದೆ. ಮಕ್ಕಳ ನ್ಯಾಯಕ್ಕೆ ಸಾಮಾನ್ಯರು ಬೇಕು, ತಳ್ಳುಗಾಡಿಯ ಜಾಗ ಗೊತ್ತು ಮಾಡಲು ತಳ್ಳುಗಾಡಿಯವನು ಬೇಕು ಎಂದ ಮೇಲೆ, ಅದೇ ತಳ್ಳುಗಾಡಿಯವನಿಗೆ ದಂಡ ಹಾಕುವಾಗ ಮಾತ್ರ ಅವನ ಕಡೆಯವರು ಬೇಡವೇ?

ನಾವು ಕೇಳುವುದು

ಒಂದು: ಮುಚ್ಚಳಿಕೆ ಕೇಳುವ ಮತ್ತು ಅದು ಇಲ್ಲವೆಂದು ಸೆರೆಗೆ ಕಳಿಸುವ ಅಧಿಕಾರ ತಹಶೀಲ್ದಾರ, ಅಸಿಸ್ಟೆಂಟ್ ಕಮಿಷನರರಿಂದ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. 50ನೆಯ ಅನುಚ್ಛೇದವನ್ನು ಪೂರ್ತಿ ಮಾಡಬೇಕು.

ಎರಡು: 15ನೆಯ ಕಲಮಿನಿಂದ ಪೊಲೀಸ್ ಅಧಿಕಾರಿಯ ಹೆಸರನ್ನು ಹೊಡೆದುಹಾಕಬೇಕು. ಅಲ್ಲಿಯವರೆಗೆ ಕರ್ನಾಟಕ ಸರ್ಕಾರ ಅಂಥ ನೇಮಕ ಮಾಡಕೂಡದು. ಕಮಿಷನರೇಟ್ ನಗರಗಳಲ್ಲಿ ಪೊಲೀಸರಿಗೆ ಕೊಟ್ಟಿರುವ ಮುಚ್ಚಳಿಕೆಯ ಅಧಿಕಾರವನ್ನು ಹಿಂದಕ್ಕೆ ಪಡೆಯಬೇಕು.

ಮೂರು: 163ರ ಪ್ರತಿ ಆಜ್ಞೆಯೂ ಕಾರಣಸಹಿತವಾಗಿ ಕನ್ನಡದಲ್ಲಿ ಪ್ರಕಟವಾಗಬೇಕು, ಮೂರು ದಿನದೊಳಗೆ ಜಿಲ್ಲಾ ನ್ಯಾಯಾಧೀಶರು ಅದನ್ನು ಪರಿಶೀಲಿಸಬೇಕು. ಕೂಲಿ, ಬೋನಸ್ಸು, ವಜಾ ವಿಷಯದ ಶಾಂತ ಸಭೆಗೆ ಅದು ತಗಲಬಾರದು.

ನಾಲ್ಕು: ಪೌರಸಭೆಯ ಸಣ್ಣ ಮೊಕದ್ದಮೆಗಳಿಗೆ ಮೂವರ ಜನತಾ ಪೀಠ ಬರಲಿ. ಒಬ್ಬರು ನ್ಯಾಯಿಕ ಮ್ಯಾಜಿಸ್ಟ್ರೇಟರು. ಇಬ್ಬರು ಕಾರ್ಮಿಕ, ವ್ಯಾಪಾರಿ, ರೈತ, ಮಹಿಳಾ ಸಂಘಗಳು ಕೊಟ್ಟ ಪಟ್ಟಿಯಿಂದ ಚೀಟಿ ಎತ್ತಿ ಬಂದವರು. ಕೂತ ದಿನಕ್ಕೆ ಅವರಿಗೆ ಪೂರ್ತಿ ದಿನದ ಕೂಲಿ ಸಿಗಬೇಕು. ತನ್ನ ಅಥವಾ ತನ್ನ ಬಳಗದ ಹಿತವಿರುವ ಮೊಕದ್ದಮೆಯಲ್ಲಿ ಯಾವನೂ ಕೂರಕೂಡದು.

ನೋಟೀಸು ಬಂದರೆ

ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ. 126ರ ನೋಟೀಸು ಬಂದರೆ ಹೆದರಿ ಊರು ಬಿಡಬೇಡಿ. ದೂರಿನ ಸಾರಾಂಶ, ಮುಚ್ಚಳಿಕೆಯ ಮೊತ್ತ, ಅವಧಿ, ಜಾಮೀನುದಾರರ ಸಂಖ್ಯೆ ಇಷ್ಟನ್ನೂ ಲಿಖಿತ ಆಜ್ಞೆಯಲ್ಲಿ ಬರೆಯಲೇಬೇಕೆಂದು 130ನೆಯ ಕಲಂ ಹೇಳುತ್ತದೆ. ಇಲ್ಲದಿದ್ದರೆ ಆಕ್ಷೇಪಣೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿ ವಾಯಿದೆಗೂ ಹಾಜರಾಗುವುದರಿಂದ ವಿನಾಯಿತಿ ಕೇಳಿ ವಕೀಲರ ಮೂಲಕ ಹಾಜರಾಗಲು 134ನೆಯ ಕಲಮಿನಲ್ಲಿ ಅವಕಾಶವಿದೆ, ಕೂಲಿ ಉಳಿಸಿಕೊಳ್ಳಿ. ಮುಚ್ಚಳಿಕೆಯ ಮೊತ್ತ ನಿಮ್ಮ ಸ್ಥಿತಿಗತಿಗೆ ಮೀರಿರಕೂಡದೆಂದು 136ನೆಯ ಕಲಮಿನಲ್ಲೇ ಇದೆ. ವಿಚಾರಣೆ ಆರಂಭವಾಗದೆ ಮಧ್ಯಂತರ ಮುಚ್ಚಳಿಕೆ ಕೇಳಿದರೆ ಮಧು ಲಿಮಯೆ ಮೊಕದ್ದಮೆಯ ಹೆಸರು ಹೇಳಿ. ಮುಚ್ಚಳಿಕೆಯ ಆಜ್ಞೆಯಾದರೆ ಸೆಷನ್ಸ್ ಕೋರ್ಟಿಗೆ ಅಪೀಲು ಇದೆ. ವಕೀಲರಿಗೆ ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಎಲ್ಲಕ್ಕಿಂತ ಮುಖ್ಯ, ಒಬ್ಬೊಬ್ಬರೇ ಹೋಗಬೇಡಿ. ಒಬ್ಬನಿಗೆ ವಾಯಿದೆ ಬಿದ್ದ ದಿನ ಪಾಳಿ ಮುಗಿಸಿದ ಐವತ್ತು ಮಂದಿ ಕಚೇರಿಯ ಮರದ ಕೆಳಗೆ ಸುಮ್ಮನೆ ಕೂತರೆ ಸಾಕು, ಸಾಹೇಬರಿಗೆ ಕಾಯಿದೆ ಪುಸ್ತಕ ನೆನಪಾಗುತ್ತದೆ.

ಆ ಚಹಾದಂಗಡಿ ಮತ್ತೆ ತೆರೆದಿದೆ. ಬೆಂಚೂ ಹಳೆಯ ಜಾಗದಲ್ಲೇ ಇದೆ. ಬರುವ ಭಾನುವಾರ ಸಂಜೆ ಎರಡನೆಯ ಪಾಳಿಯವರು ಒಳಹೋಗುವ ಮೊದಲು ಅದೇ ಬೆಂಚಿನ ಸುತ್ತ ನಾವು ಸೇರುತ್ತೇವೆ. ಈ ನಾಲ್ಕು ಬೇಡಿಕೆಗಳಿಗೆ ಸಹಿ ಸಂಗ್ರಹ ಅಲ್ಲಿಂದಲೇ ಮೊದಲು. ಗಿರಣಿ ಬಂಧುಗಳೂ ಸಂತೆಪೇಟೆಯ ವ್ಯಾಪಾರಿ ಮಿತ್ರರೂ ಬರಬೇಕು. ಮತ್ತೆ ನೋಟೀಸು ಬಂದರೆ ಬರಲಿ. ಈ ಸಾರಿ ಅದರಲ್ಲಿ ಹತ್ತು ಹೆಸರು ಸಾಲದಂತೆ ಮಾಡೋಣ.